ಆರೋ ಒಂಬತ್ತೋ

ನಾನೊಂದು ಆಯಿಲ್ ಫಿಲ್ಟರ್. ನನ್ನ ನಂಬರನ್ನು ಯಾರಾದರೂ ತಪ್ಪು ಓದಿಬಿಟ್ಟರೆ? ಹುಟ್ಟಿದಾಗಿನಿಂದ ಇದೊಂದೇ ಅಂಜಿಕೆ ನನಗೆ. ತಗಡಿನ ಮೈ, ಒಳಗೆ ನೆರಿಗೆ ಹಿಡಿದ ಕಾಗದ, ಬಾಯಿಗೊಂದು ರಬ್ಬರ್ ಬಳೆ; ನೋಡಲು ನಾವೆಲ್ಲ ಒಂದೇ. ಆದರೆ ನನ್ನನ್ನು ಮಾಡಿದ್ದು ಬಾಯಿ ಮೇಲಾಗಿ ನಿಲ್ಲಿಸುವ ಇಂಜಿನ್ನಿಗೆ. ಅಡ್ಡ ಮಲಗಿಸಿದರೆ, ಗಾಡಿ ನಿಂತಾಗ ಹೊಟ್ಟೆಯ ಎಣ್ಣೆಯೆಲ್ಲ ಇಳಿದುಹೋಗುತ್ತದೆ. ಅದನ್ನು ತಡೆಯುವ ಪರದೆ ನನ್ನೊಳಗಿಲ್ಲ.

ದಾವಣಗೆರೆಯ ಅಂಗಡಿಯಲ್ಲಿ ನನ್ನನ್ನು ಕೊಂಡವಳು ದಾಕ್ಷಾಯಿಣಿ, ಬಿ.ಎ. ಮುಗಿಸಿದ ಹುಡುಗಿ. ಮನೆಯ ಹಳೆಯ ಕಾರಿಗೆಂದು ಅಪ್ಪ ಹೇಳಿದ ನಂಬರನ್ನು ಡೈರಿಯಲ್ಲಿ ಕನ್ನಡ ಅಂಕಿಯಲ್ಲೇ ಬರೆದುಕೊಂಡಿದ್ದಳು. ಕೊನೆಯ ಅಂಕಿಯ ಬಾಲ ಎತ್ತ ತಿರುಗಿದೆಯೋ ಅವಳಿಗೇ ತಿಳಿಯಲಿಲ್ಲ.

"ಆ ಗಾಡಿಗೆ ಎರಡು ಥರದ ಇಂಜಿನ್ ಬಂದಾವು. ಆರೋ ಒಂಬತ್ತೋ, ಲಗೂನ ಹೇಳವ್ವಾ" ಎಂದ ಅಂಗಡಿಯವನು.

"ತಾನು ಬರೆದಿದ್ದು ತನಗೇ ಓದಾಕೆ ಬರಲ್ಲ ನೋಡು!" ಹಿಂದೆ ನಿಂತವರಲ್ಲಿ ಯಾರೋ ನಕ್ಕರು.

ಕೈಯಲ್ಲಿ ಫೋನಿತ್ತು, ಅಪ್ಪನನ್ನು ಕೇಳಬಹುದಿತ್ತು. ಅವಳು ತಲೆ ತಗ್ಗಿಸಿ, "ಆರು" ಅಂದಳು.

ಮೆಕ್ಯಾನಿಕ್ ಖಲೀಲ್ ನನ್ನನ್ನು ಅಡ್ಡಲಾಗಿ ತಿರುಗಿಸಿ ಕೂರಿಸಿದ. ಥ್ರೆಡ್ ಸರಿಯಾಗಿಯೇ ಕೂತಿತು. ಹಾಗೆ ಕೂತದ್ದೇ ಮೋಸವಾಯಿತು. ಕಸವನ್ನೇನೋ ನಾನು ನಿಯತ್ತಿನಿಂದ ಹಿಡಿದೆ, ಎಣ್ಣೆಯನ್ನು ಹಿಡಿಯಲಾಗಲಿಲ್ಲ. ಪ್ರತಿ ಬೆಳಿಗ್ಗೆ ಎಣ್ಣೆ ಮೇಲೇರುವವರೆಗೆ ಇಂಜಿನ್ ಒಣಗಂಟಲಲ್ಲಿ ಕಟಕಟ ಅನ್ನತೊಡಗಿತು. ಒಂದು ದಿನ ಡಿಕ್ಕಿಯಲ್ಲಿ ಹಳೆಯ ಫಿಲ್ಟರಿನ ಖಾಲಿ ಡಬ್ಬಿ ದಾಕ್ಷಾಯಿಣಿಯ ಕಣ್ಣಿಗೆ ಬಿತ್ತು. ಕೊನೆಯ ಅಂಕಿ ಒಂಬತ್ತು. ಡೈರಿಯಲ್ಲಿ ಏನೋ ಬರೆದಳು, ಯಾರಿಗೂ ಹೇಳದೆ ಮುಚ್ಚಿದಳು.

ಮೂರು ತಿಂಗಳು ಕಳೆಯಿತು.

"ಬೇರಿಂಗ್ ಹೋಗ್ಯಾವು ಮಲ್ಲಪ್ಪಾರೆ. ಮುದುಕಿ ಕೆಮ್ಮಿದಂಗೆ ಕೆಮ್ಮತೈತಿ. ಗಾಡಿ ಮಾರಿಬಿಡ್ರಿ" ಎಂದ ಖಲೀಲ್.

ಅವಳಪ್ಪ ಗಿರಿಮಲ್ಲಪ್ಪ ಬಾನೆಟ್ ಸವರಿದರು. "ನನ್ನ ಮಗಳು ಡ್ರೈವಿಂಗ್ ಕಲ್ತಿದ್ದು ಇದ್ರಾಗೇ ಕಣಪ್ಪಾ. ಹೋಗ್ಲಿ, ನಾಳೆ ತಗೊಳ್ಳೋರು ಬರ್ತಾರೆ. ಆಯಿಲ್ಲಾದ್ರೂ ಬದಲಾಯ್ಸು."

ಖಲೀಲ್ ನನ್ನನ್ನು ಬಿಚ್ಚಿ ಮೂಲೆಯ ಬೋಗುಣಿಯಲ್ಲಿ ಬೋರಲು ಹಾಕಿದ. ಈಗ ಇಲ್ಲೇ ತೊಟ್ಟಿಕ್ಕುತ್ತಿದ್ದೇನೆ. ನಾನು ಕೆಟ್ಟವನಲ್ಲ, ಗಾಡಿಯ ಬೇರಿಂಗೂ ಹೋಗಿಲ್ಲ. ಹೇಳೋಣವೆಂದರೆ, ನನಗಿರುವ ಬಾಯಿ ಎಣ್ಣೆ ಹರಿಯಲಿಕ್ಕಷ್ಟೇ.

ಖಲೀಲ್ ಹೊಸ ಫಿಲ್ಟರಿಗೆ ಕೈ ಚಾಚಿದ. "ಅದೇ ಆರನೇ ನಂಬರಿಂದೇ ತಂದೀಯೇನವ್ವಾ?"

ದಾಕ್ಷಾಯಿಣಿ ಡಬ್ಬಿಯ ನಂಬರನ್ನು ಅವನತ್ತ ತಿರುಗಿಸಿ ಹಿಡಿದಳು.

"ಇಲ್ಲ ಅಣ್ಣಾ, ಇದು ಒಂಬತ್ತು." ಆಮೇಲೆ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಗಾಡಿ ಕೊಡಬ್ಯಾಡ. ಅವತ್ತು ನಿನ್ನ ಕೇಳಾಕೆ ನಾಚ್ಕೊಂಡು, ಗೊತ್ತಿಲ್ದೇನೇ ಆರು ಅಂದ್ಬಿಟ್ಟೆ."