ನೋಡದೆ ಹಾಕಿದ ಸಹಿ

ಸರಳಾ ಮುರಳೀಧರ ಅವರು ಕುಳಿತು ಸಹಿ ಹಾಕಿದ್ದನ್ನು ನಾನು ಕಂಡಿಲ್ಲ. ಚರಂಡಿಯ ಕಾಗದವಾದರೆ ಚರಂಡಿಯ ದಂಡೆಯಲ್ಲಿ, ಬೀದಿದೀಪದ ಕಾಗದವಾದರೆ ಕಂಬದ ಬುಡದಲ್ಲಿ, ಅಂಗನವಾಡಿಯ ಸೂರಿನದಾದರೆ ಆ ಸೂರಿನಡಿಯಲ್ಲೇ ನಿಂತು, ಪಕ್ಕದ ಸ್ಕೂಟರಿನ ಸೀಟಿನ ಮೇಲೆ ಕಾಗದ ಹರವಿ, ಒಂದೊಂದೇ ಅಕ್ಷರ ಬಿಡಿಸಿ ಹೆಸರು ಬರೆಯುತ್ತಿದ್ದರು. ಜೂನ್ ತಿಂಗಳ ಬಿಸಿಗಾಳಿ ಮುಖಕ್ಕೆ ರಾಚುತ್ತಿದ್ದಾಗಲೂ ಇದೇ ಕ್ರಮ. ಪುರಸಭೆಯ ತರುಣ ಇಂಜಿನಿಯರನೊಬ್ಬ, ಕಚೇರಿಯಲ್ಲಿ ಎಸಿ ಇದೆ, ಅಲ್ಲೇ ಮುಗಿಸಬಹುದಲ್ಲ ಎಂದು ಗೊಣಗಿದಾಗ, ಎಸಿಯಲ್ಲಿ ಚರಂಡಿ ಇಲ್ಲವಲ್ಲಪ್ಪ ಎಂದಿದ್ದರಂತೆ.

ಫರೀದಾಬಾದಿನಲ್ಲಿ ಮೆಟ್ರೋ ಇಳಿದು, ಶೇರ್ ಆಟೋದಲ್ಲಿ ಮೊಣಕಾಲು ಮಡಚಿಕೊಂಡು ಮುಕ್ಕಾಲು ಗಂಟೆ ಹೋದರೆ ಸಿಗುವ ನವಲ್‌ಗಂಜ್ ಎಂಬ ಕಾರ್ಖಾನೆಗಳ ಊರಿನಲ್ಲಿ, ದಾವಣಗೆರೆಯ ಈ ಹೆಣ್ಣುಮಗಳು ಐದು ವರ್ಷ ಪುರಸಭೆಯ ಸದಸ್ಯೆಯಾಗಿದ್ದರು. ನಾನು ದೆಹಲಿಯ ಹೌಜ್ ಖಾಸಿನಲ್ಲಿ ಬಾಡಿಗೆ ಮನೆ ಹಿಡಿದಿರುವ ಕನ್ನಡ ಮೇಷ್ಟ್ರು. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಅವರ ಪರಿಚಯವಾಯಿತು. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು. ಚಳಿಗಾಲದಲ್ಲಿ ಗಂಡನಿಗೆ ಕಾರ್ಖಾನೆಯವರು ಎಂದೋ ಕೊಟ್ಟ ಕಂದು ಕೋಟು, ತೋಳು ಉದ್ದವಾದ್ದರಿಂದ ಎರಡು ಮಡಿಕೆ. ನಡೆಯುವಾಗ ದೃಷ್ಟಿ ಸದಾ ನೆಲದ ಮೇಲೆ. ಯಾರು ಏನು ದೂರು ಹೇಳಿದರೂ ಅವರ ಮೊದಲ ಮಾತು ಒಂದೇ: “ಅಚ್ಛಾ, ಎಲ್ಲಿ?” ಹೇಳಿದವರು ಜಾಗ ತೋರಿಸುವವರೆಗೆ ಎರಡನೆಯ ಮಾತಿಲ್ಲ. ನನ್ನ ಮನೆಗೆ ಬಂದಾಗಲೂ, ಬಚ್ಚಲಿನ ನೀರು ನಿಲ್ಲುತ್ತದೆಂದು ನಾನು ಸುಮ್ಮನೆ ಹೇಳಿದ್ದಕ್ಕೆ, ಸೀರೆ ಎತ್ತಿ ಕಟ್ಟಿ ಒಳಕ್ಕೆ ನಡೆದೇಬಿಟ್ಟರು.

ಮೊದಲು ಹೀಗಿರಲಿಲ್ಲ. ವಾರ್ಡು ಮಹಿಳೆಯರಿಗೆ ಮೀಸಲಾದ ವರ್ಷ, ಅಲ್ಲಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷ ಕಾರ್ಮಿಕ ಮುಖಂಡರಾಗಿ ಹೆಸರು ಮಾಡಿದ್ದ ಮುರಳೀಧರ, ತಾವು ನಿಲ್ಲುವಂತಿಲ್ಲವೆಂದು ಹೆಂಡತಿಯನ್ನು ನಿಲ್ಲಿಸಿದರು. ಪೋಸ್ಟರಿನಲ್ಲಿ ಈಕೆ ಕೈಮುಗಿದು ಚಿಕ್ಕದಾಗಿ, ಆತ ಕೈಬೀಸಿ ದೊಡ್ಡದಾಗಿ. ಗೆದ್ದ ಮೇಲೆ ಜನ ಸದಸ್ಯನಿಗೆ ಸಲ್ಲುವ ‘ಪಾರ್ಷದ್‌ಜಿ’ ಎಂಬ ಗೌರವವನ್ನು ಗಂಡನಿಗೆ ಕೊಟ್ಟರು, ಗೆದ್ದವರನ್ನು ‘ಭಾಭೀಜಿ’, ಅಂದರೆ ಬರೀ ಅತ್ತಿಗೆ, ಎಂದು ಕರೆದರು. ಆ ಕಡೆ ಇದು ನಡೆದುಬಂದ ರೂಢಿ; ಯಾರೂ ಹುಬ್ಬೇರಿಸುವುದಿಲ್ಲ. ಸಭೆ, ಭಾಷಣ, ಗುತ್ತಿಗೆದಾರರ ಜೊತೆಗಿನ ಮಾತು ಎಲ್ಲವೂ ಗಂಡನದು. ಕಾಮಗಾರಿ ಮುಗಿದಿದೆ ಎಂಬ ಕಾಗದಕ್ಕೆ ಮಾತ್ರ ಸದಸ್ಯೆಯ ಸಹಿಯೇ ಬೇಕು. ಮುರಳೀಧರ ಬೆಳಗಿನ ತಿಂಡಿಯ ಹೊತ್ತಿಗೆ ಕಾಗದಗಳ ಕಟ್ಟು ತಂದು ಅಡುಗೆ ಕಟ್ಟೆಯ ಮೇಲಿಡುತ್ತಿದ್ದರು. ಸರಳಾ ಒಗ್ಗರಣೆಯ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಗಂಡ ಬೆರಳು ತೋರಿಸಿದ ಕಡೆಯೆಲ್ಲ ಹೆಸರು ಬರೆಯುತ್ತಿದ್ದರು. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ಆ ಆಗಸ್ಟ್ ಬಂತು. ಒಂದು ಸಂಜೆ ಮಳೆ ಸುರಿದು ಗಲ್ಲಿಗಳಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಪ್ಯಾಕಿಂಗ್ ಘಟಕದ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ ಕಮಲೇಶ್ ಎಂಬಾಕೆ — ಆ ಸೀಮೆಯಲ್ಲಿ ಅದು ಹೆಂಗಸರ ಹೆಸರೂ ಹೌದು — ಮೂರನೆಯ ಗಲ್ಲಿಯ ತಿರುವಿನಲ್ಲಿ ನೀರಿನಡಿ ಬಾಯ್ದೆರೆದಿದ್ದ ಚರಂಡಿಯೊಳಕ್ಕೆ ಬಿದ್ದು ಸತ್ತಳು. ಏಳು ವರ್ಷದ ಮಗಳಿದ್ದಳು. ವಿಚಾರಣೆ ನಡೆಯಿತು. ಕಡತದಲ್ಲಿ ಚರಂಡಿಗೆ ಉದ್ದಕ್ಕೂ ಚಪ್ಪಡಿ ಮುಚ್ಚಿದೆ ಎಂಬ ಕಾಗದವಿತ್ತು, ಅದರ ಕೆಳಗೆ ಸರಳಾ ಅವರ ಸಹಿ ಇತ್ತು. ಕಲ್ಲು ಹಾಕಿದ್ದು ನಿಜವಾದರೆ ಯಾರೋ ಕದ್ದಿರಬೇಕು. ಹೆಂಗಸು ಫೋನಿನಲ್ಲಿ ಮಾತಾಡುತ್ತ ದಾರಿ ನೋಡದೆ ಕಾಲಿಟ್ಟಿರಬೇಕು. ಇದು ಅಧಿಕಾರಿಗಳ ಲೆಕ್ಕಾಚಾರ. ಮೃತಳ ಅಜಾಗರೂಕತೆ ಎಂದು ಬರೆದು ಕಡತ ಮುಚ್ಚಲು ಇನ್ನೊಂದೇ ವಾರ ಉಳಿದಿತ್ತು.

ಅಷ್ಟರಲ್ಲಿ ಕಮಲೇಶಳ ಅತ್ತೆ ಭತೇರಿ ಎಂಬ ಮುದುಕಿ ಒಂದು ಬೆಳಿಗ್ಗೆ ಸರಳಾ ಅವರ ಮನೆಗೆ ಬಂದಳು. ಕೂರು ಎಂದರೆ ಕೂರಲಿಲ್ಲ. ಸೊಸೆಯ ಫೋನು ಆ ದಿನ ಮನೆಯಲ್ಲೇ ಚಾರ್ಜಿಗಿತ್ತು ಎಂದಳು. ಆಮೇಲೆ ಹರಿಯಾಣದ ಒರಟು ಹಿಂದಿಯಲ್ಲಿ ಕೇಳಿದಳು: “ಅಲ್ಲಿ ಕಲ್ಲು ಇತ್ತೋ ಇಲ್ಲವೋ, ನೀನೇ ಹೇಳು ಬೇಟಿ. ಸಹಿ ಹಾಕಿದವಳು ನೀನು.”

 ಮೂರನೆಯ ಗಲ್ಲಿಗೆ ಸರಳಾ ಅದುವರೆಗೆ ಕಾಲಿಟ್ಟಿರಲಿಲ್ಲ. ಮುದುಕಿಯ ಹಿಂದೆಯೇ ಹೋಗಿ, ಕೆಸರಿನಲ್ಲಿ ಕೂತು, ತಿರುವಿನ ದಂಡೆಯನ್ನು ಕೈಯಿಂದ ತಡವಿದರು. ಮುಂದಿನ ಚಪ್ಪಡಿಗಳ ಅಂಚಿಗೆಲ್ಲ ಗಟ್ಟಿ ಸಿಮೆಂಟು ಹಿಡಿದಿತ್ತು; ಇಲ್ಲಿ ಐದು ಕಲ್ಲಿನಷ್ಟು ಉದ್ದಕ್ಕೆ ಸಿಮೆಂಟಿನ ಗುರುತೇ ಇರಲಿಲ್ಲ. ಕಳವಾಗಲು ಕಲ್ಲನ್ನು ಮೊದಲು ಹಾಕಿರಬೇಕಲ್ಲವೇ? ಅಲ್ಲಿಂದ ನೇರವಾಗಿ ಕಚೇರಿಗೆ ಹೋಗಿ ಕಾಗದ ತೆಗೆಸಿ ನೋಡಿದರೆ, ಸಹಿಯ ಪಕ್ಕದಲ್ಲಿ ಅರಿಶಿನದ ಬೆರಳಿನ ಗುರುತು. ಆ ಗುರುತಿನ ಮಾತನ್ನು ಅವರು ನನಗೆ ಒಮ್ಮೆ ಹೇಳಿದರು, ಮತ್ತೆ ಹೇಳಲಿಲ್ಲ.

ಮುರಳೀಧರ ಕೆಟ್ಟ ಮನುಷ್ಯರಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಗುತ್ತಿಗೆದಾರನ ಬಾಯಿಮಾತು ನಂಬಿದ ಸೋಮಾರಿತನ ಅವರದು, ದುರಾಸೆಯಲ್ಲ. ಕಲ್ಲು ಕಳವಾಯಿತು ಎಂದುಬಿಡು, ಊರಿನಲ್ಲಿ ದಿನವೂ ಏನೇನೋ ಕಳವಾಗುತ್ತದೆ ಎಂದು ಅಂಗಲಾಚಿದರಂತೆ. ಹೆಂಡತಿಯ ಮೇಲೆ ಮೊಕದ್ದಮೆ ಬೀಳುತ್ತದೆಂಬ ಭಯ ಅವರನ್ನು ಅಲುಗಾಡಿಸಿಬಿಟ್ಟಿತ್ತು. “ನಿನ್ನನ್ನು ಕೋರ್ಟಿಗೆ ಅಲೆಸಿ ನಾನು ಮನೆಯಲ್ಲಿ ಕೂರಲಾ?” ಎಂದು ನನ್ನೆದುರಿಗೇ ಕೇಳಿದರು.  ವಿಚಾರಣಾಧಿಕಾರಿಗೆ ಕೊಡುವ ಹೇಳಿಕೆಯನ್ನು ಹಿಂದಿಯಲ್ಲಿ ಬರೆದುಕೊಡಬೇಕೆಂದು ಸರಳಾ ನನ್ನನ್ನು ಕರೆಸಿದ್ದರು.

ನನ್ನ ಪಾಂಡಿತ್ಯಕ್ಕೆ ಬೆಂಕಿ ಬೀಳಲಿ, ನಾನು ಬರೆದದ್ದು ಹೀಗೆ: ಕಾರ್ಯಬಾಹುಳ್ಯದ ನಿಮಿತ್ತ ಸ್ಥಳಪರಿಶೀಲನೆಯಲ್ಲಿ ಕಿಂಚಿತ್ ನ್ಯೂನತೆ ಉಂಟಾಗಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಸರಳಾ ಅರ್ಥ ಹೇಳಿ ಎಂದರು, ಹೇಳಿದೆ. 

“ಮೇಷ್ಟ್ರೇ, ಇದರಲ್ಲಿ ಕಮಲೇಶ್ ಎಲ್ಲಿದ್ದಾಳೆ?” ಎಂದರು. “ಕಲ್ಲು ಹಾಕಿರಲಿಲ್ಲ, ನಾನು ನೋಡದೆ ಸಹಿ ಹಾಕಿದೆ, ಅವಳದೇನೂ ತಪ್ಪಿಲ್ಲ. ಇಷ್ಟೇ ಬರೀರಿ.”

ಮೂರೇ ಸಾಲು ಬರೆದೆ. ಗಂಡನ ಹೆಸರು ಸೇರಿಸಬೇಕೇ ಎಂದು ಕೇಳಿದ್ದಕ್ಕೆ, ಸಹಿ ಅವರದಲ್ಲವಲ್ಲ ಎಂದರು. ಬಾಗಿಲ ಬಳಿ ನಿಂತಿದ್ದ ಮುರಳೀಧರ ಅದನ್ನು ಕೇಳಿಸಿಕೊಂಡು ಹೊರಗೆ ಹೋದರು. ಹದಿನೈದು ದಿನ ಮನೆಯಲ್ಲಿ ಮಾತಿರಲಿಲ್ಲವಂತೆ. ಹದಿನಾರನೆಯ ದಿನ ಬೆಳಿಗ್ಗೆ ಅವರೇ ಸ್ಕೂಟರ್ ತೆಗೆದು, ಯಾವ ಗಲ್ಲಿ ಎಂದು ಕೇಳಿದರು.

ಹೇಳಿಕೆ ಕೊಟ್ಟದ್ದಕ್ಕೆ ಸರಳಾ ಬೆಲೆ ತೆತ್ತರು. ನೋಟೀಸು ಬಂತು, ಒಂದೂವರೆ ವರ್ಷ ಕೋರ್ಟಿಗೆ ಅಲೆದಾಟ, ಸಭೆಯಲ್ಲಿ ಕುಹಕ. ತಾನೇ ತಪ್ಪು ಒಪ್ಪಿಕೊಂಡವಳು ಎಂಬ ಬಿರುದು ಬೆನ್ನಿಗಂಟಿತು. ಮುಂದಿನ ಸಲ ಪಕ್ಷ ಟಿಕೆಟ್ ಕೊಡಲಿಲ್ಲ. ಉಳಿದ ಮೂರು ವರ್ಷಗಳಲ್ಲಿ ಮಾತ್ರ ಆ ವಾರ್ಡಿನ ಚರಂಡಿಗಳೆಲ್ಲ ಮುಚ್ಚಿದವು, ಹೆಂಗಸರಿಗೊಂದು ಸ್ನಾನದ ಮನೆ ಎದ್ದಿತು, ಅದರ ಬಾಗಿಲಿಗೆ ಒಳಗಿನಿಂದ ಚಿಲಕವೂ ಇತ್ತು. ಚಿಲಕವನ್ನು ತಾವೇ ಒಳಗೆ ಹೋಗಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ ಮೇಲೆಯೇ ಕಾಗದ ಕೈಗೆ ತೆಗೆದುಕೊಂಡರೆಂದು ಗುತ್ತಿಗೆದಾರ ನಗುತ್ತ ಹೇಳುತ್ತಿದ್ದ. ಸ್ವಲ್ಪ ಅತಿಯಾಯಿತು ಎಂದು ನನಗೂ ಒಮ್ಮೊಮ್ಮೆ ಅನ್ನಿಸಿದ್ದುಂಟು.

ವಿಚಾರಣೆಯ ವರದಿ ಬಂದ ದಿನ ನಾನು ಅಲ್ಲಿದ್ದೆ. ಅಜಾಗರೂಕತೆ ಎಂಬ ಮಾತು ಹೋಗಿತ್ತು. ಚರಂಡಿ ಮುಚ್ಚದಿದ್ದುದೇ ಸಾವಿಗೆ ಕಾರಣ ಎಂದು ಬರೆದಿತ್ತು. ಸರಳಾ ಅದನ್ನು ಹಿಡಿದು ಭತೇರಿಯ ಮನೆಗೆ ಹೋದರು. ಓದು ಬಾರದ ಮುದುಕಿ ಓದಿಸಿ ಕೇಳಿದಳು, ಇನ್ನೊಮ್ಮೆ ಓದು ಎಂದಳು. ಮೊಮ್ಮಗಳನ್ನು ಕರೆದು ಎದುರು ಕೂರಿಸಿಕೊಂಡು ಮೂರನೆಯ ಸಲವೂ ಓದಿಸಿದಳು. ಕ್ಷಮಿಸಿದೆ ಎನ್ನಲಿಲ್ಲ, ಒಂದು ಲೋಟ ಚಹವನ್ನೂ ಕೊಡಲಿಲ್ಲ. ಸರಳಾ ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಕಾಗದವನ್ನು ಮುದುಕಿಯ ಕೈಗಿತ್ತು, ತಲೆ ತಗ್ಗಿಸಿ ಹೊರಟುಬಂದರು.

ಸಾರ್ವಜನಿಕ ಬದುಕಿನಲ್ಲಿ ತಪ್ಪು ಮಾಡದವರನ್ನು ನಾನು ಕಂಡಿಲ್ಲ. ತಪ್ಪನ್ನು ಸತ್ತವರ ತಲೆಗೆ ಕಟ್ಟಿ ಕೈತೊಳೆದುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಅದನ್ನು ತಮ್ಮದೆಂದು ಹೊತ್ತುಕೊಳ್ಳುವ ವಿರಳ ಜಾತಿಯವರಿಗೆ ಜನ ಹಾರ ಹಾಕುವುದಿಲ್ಲ, ನೊಂದವರೂ ಅವರನ್ನು ಪ್ರೀತಿಸಬೇಕಾಗಿಲ್ಲ. ಅವರು ಒಪ್ಪಿಕೊಂಡದ್ದರಿಂದ ಹೋದ ಜೀವ ಮರಳುವುದೂ ಇಲ್ಲ. ಆದರೆ ನವಲ್‌ಗಂಜಿನಲ್ಲಿ ಬೆಳೆಯುತ್ತಿರುವ ಒಬ್ಬ ಹುಡುಗಿಗೆ, ನಿನ್ನಮ್ಮ ತನ್ನ ಮೈಮರೆವಿನಿಂದ ಸತ್ತಳು ಎಂದು ಇನ್ನು ಯಾರೂ ಹೇಳುವಂತಿಲ್ಲ.