ಭರಮಪ್ಪನವರ ಖಾಲಿ ಹಾಳೆ

ನಡುರಸ್ತೆಯಲ್ಲೇ ಗಕ್ಕನೆ ನಿಂತುಬಿಡುವ ಭರಮಪ್ಪನವರ ಜೊತೆ ರವಿವಾರ ಪೇಟೆ ದಾಟುವುದೆಂದರೆ ನನಗೆ ಜೀವ ಕೈಯಲ್ಲಿ ಹಿಡಿದ ಹಾಗೆ. ಹಮಾಲರು ಬೈಯಲಿ, ಟೆಂಪೋಗಳು ಒದರಲಿ, ಯಾರ ಬಾಯಿಂದಾದರೂ ಹಳೆಯ ಸೊಲ್ಲೊಂದು ಕಿವಿಗೆ ಬಿತ್ತೋ, ಈ ಪುಣ್ಯಾತ್ಮ ಹೆಗಲ ಕಂಬಳಿಯ ಮಡಿಕೆಯಿಂದ ವಹಿ ತೆಗೆದು ಬರೆಯತೊಡಗುತ್ತಾರೆ.

ಖಾನಾಪುರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ, ಈಗ ಇದೇ ಊರಿನ ಸದಾಶಿವನಗರದಲ್ಲಿ ಮಗಳು ಪ್ರಮಿಳಾಳೊಂದಿಗಿರುವ ಇವರು ಕುರಿ ಕಾಯುವ ಮನೆತನದವರು. ಆ ಕುಲದ ಹಾಡು, ಹರಕೆ, ಆಚಾರಗಳನ್ನು ಅಕ್ಷರಕ್ಕಿಳಿಸುವುದೇ ನಿವೃತ್ತಿಯ ಮೇಲಿನ ವ್ರತ. ಪ್ರತಿ ಹಾಡಿನ ಅಂಚಿನಲ್ಲೂ ಹಾಡಿದವಳ ಕೈ ಆಗ ಏನು ಮಾಡುತ್ತಿತ್ತೆಂದು ಬರೆಯಲೇಬೇಕು: ‘ಉಣ್ಣೆ ಹಿಂಜುತ್ತಿದ್ದಳು’, ‘ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು’. ಯಾರಾದರೂ ಫೋನಿನಲ್ಲಿ ಹಾಡು ಕಳಿಸಿದರೆ, “ಕೈ ಏನ್ ಮಾಡಾಕತ್ತಿದ್ವು?” ಎಂದು ಪೀಡಿಸುತ್ತಾರೆ.

ಹನ್ನೊಂದು ವಹಿಗಳಲ್ಲಿ ಖಾಲಿ ಉಳಿದದ್ದು ಒಂದೇ ಹಾಳೆ. ಅದು ಸತ್ತವರ ಮುಂದೆ ಹೆಂಗಸರು ಹಾಡುವ ಹಾಡಿನದು. ಅದನ್ನು ಪೂರ್ತಿ ಬಲ್ಲವಳು ಖಾನಾಪುರದ ಸೋದರತ್ತೆ, ಎಂಬತ್ತು ದಾಟಿದ ಸಾತವ್ವ ಒಬ್ಬಳೇ ಎಂದು ಅವರ ನಂಬಿಕೆ. ಸಾವಿಲ್ಲದ ಮನೆಯಲ್ಲಿ ಅದನ್ನು ಹಾಡಬಾರದು. ಪರರ ಸಾವಿನ ಮನೆಗೆ ವಹಿ ಹಿಡಿದು ಹೋಗಲು ಇವರಿಗೆ ಮನಸ್ಸಾಗದು. ನಾಲ್ಕು ವರ್ಷ ಅತ್ತೆಯ ಮುಂದೆ ಅಂಗಲಾಚಿದರು.

“ಅತ್ತಿ, ಒಂದ್ ನುಡಿ ಆದ್ರೂ ಹೇಳಬೇ. ನಿನ್ನ ಹಿಂದ ಇದೂ ಹೋಗಿಬಿಡ್ತೈತಿ.”

“ಯಾರ್ ಸತ್ತಾರಂತ ಹಾಡ್ಲೋ? ಸುಮ್ಕ ಚಾ ಕುಡಿ.”

ಹೋದ ಚಳಿಗಾಲದಲ್ಲಿ ಭರಮಪ್ಪನವರ ತಾಯಿ ತೀರಿಕೊಂಡರು. ಸಾತವ್ವ ಬಂದು ಹೆಣದ ಮುಂದೆ ಕುಳಿತು ಹಾಡು ಎತ್ತಿದಳು. ಬದಿಗೆ ಕುಳಿತ ಪ್ರಮಿಳಾ ದನಿಗೂಡಿಸಿದಳು. ರೂಢಿಯಂತೆ ಭರಮಪ್ಪನವರ ಕೈ ಪೆನ್ನಿಗೆ ಹೋಯಿತು. ಆದರೆ ಹಾಡಿನಲ್ಲಿ ತಾಯಿಯ ಹೆಸರು ಬಂದದ್ದೇ ತಡ, ಪೆನ್ನು ಎಲ್ಲೋ, ವಹಿ ಎಲ್ಲೋ, ಅರವತ್ತೈದರ ಮನುಷ್ಯ ಕೂಸಿನಂತೆ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ದಿನಕರ್ಮ ಮುಗಿದ ಮೇಲೆ, ಕೈಗೆ ಬಂದದ್ದು ಹೋಯಿತೆಂದು ಹಲುಬುತ್ತಿದ್ದ ತಂದೆಗೆ ಪ್ರಮಿಳಾ ಮೆಲ್ಲಗೆ ಹೇಳಿದಳು: “ಅಪ್ಪಾ, ಸಾತಜ್ಜಿ ಜೋಡಿ ಎಷ್ಟ್ ಸಾವಿನ ಮನಿಗೆ ಹೋಗೀನಿ! ನನಗ ಪೂರಾ ಬರ್ತೈತಿ. ಹಾಡ್ಲೇನು? ಬರಕೋ.”

ಭರಮಪ್ಪ ಗಡಿಬಿಡಿಯಿಂದ ವಹಿ ಬಿಚ್ಚಿದರು, ಪೆನ್ನಿನ ಟೋಪಿ ತೆಗೆದರು. ಆಮೇಲೆ ಮಗಳ ಮುಖ ನೋಡಿದರು.

“ಬ್ಯಾಡವಾ. ದಿನ ಮುಗದಾವು, ಇನ್ನ ಮನ್ಯಾಗ ಹಾಡಬಾರ್ದು.”

ಖಾಲಿ ಹಾಳೆಯ ಮೇಲೆ ಒಂದೇ ಸಾಲು ಬರೆದರು: ‘ಈ ಹಾಡು ಪ್ರಮಿಳಾಗೆ ಬರುತ್ತದೆ.’

ಕುಲದ ಮಾತನ್ನು ಕಾಗದದಲ್ಲಿ ಕಾಯಲು ಹೊರಟ ಇಂಥವರಿಗೆ ಕಡೆಗೂ ಬೇಕಾಗಿರುವುದು ಹಾಡುವ ಒಂದು ಬಾಯಿ. ಅದು ಸ್ವಂತ ಮನೆಯಲ್ಲೇ ಸಿಕ್ಕಾಗ, ತಾಯಿಯನ್ನು ಮಣ್ಣಿಗೆ ಕೊಟ್ಟ ದುಃಖದಲ್ಲೂ ಅವರು ಒಂದಿಷ್ಟು ನಗುತ್ತಾರೆ.