ಮುಳ್ಳು ನಿಲ್ಲುವ ತನಕ

ನಮ್ಮ ಮನೆಯಲ್ಲಿ ಜೀವ ಹೋಗುತ್ತಿರುವವರ ಕಿವಿಯಲ್ಲಿ ಅಪ್ಪ ಕಲಿಸಿದ ಪ್ರಾರ್ಥನೆ ಹೇಳುವುದುಂಟು. ಅಪ್ಪನಿಗೆ ನಾನೇ ಹೇಳಿದೆ, ಅಮ್ಮನಿಗೂ ನಾನೇ. ತಮ್ಮನಿಗೂ ನಾನೇ ಹೇಳಬೇಕಾಗಿ ಬರುತ್ತದೆಂದು ಎಣಿಸಿರಲಿಲ್ಲ. ದೊಡ್ಡವನ ಬಾಯಿಂದ ಚಿಕ್ಕವನ ಕಿವಿಗೆ ಹೋಗಬೇಕಾದ ಮಾತಲ್ಲ ಅದು.

ಆಸ್ಪತ್ರೆಯ ಹಾಸಿಗೆಯ ಈಚೆ ನಾನು, ಆಚೆ ಅವನ ಹೆಂಡತಿ. ಗಂಟಲಿಗೆ ಕೊಳವೆ ಹಾಕಿದ್ದರಿಂದ ಅವನಿಗೆ ಮಾತಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು. ಸಂಜೆ ದಾಟುವುದು ಕಷ್ಟವೆಂದು ಡಾಕ್ಟರು ಹೇಳಿ ಹೋಗಿದ್ದರು. ನಾನು ಕುರ್ಚಿಯನ್ನು ದಿಂಬಿನ ಕಡೆಗೆ ಎಳೆದುಕೊಂಡೆ. ಅವಳಿಗೆ ಅರ್ಥವಾಯಿತು.

"ಬೇಡ ಭಾವ. ದೇವರಿಲ್ಲ ಅಂತ ಬದುಕಿದವರು ಇವರು. ಬಾಯಿ ಕಟ್ಟಿರೋವಾಗ ಕಿವಿಗೆ ತುಂಬೋದು ನ್ಯಾಯ ಅಲ್ಲ."

"ಇಲ್ಲ ಅಂದೋಳು ನೀನಮ್ಮ. ಅವನು ಗೊತ್ತಿಲ್ಲ ಅಂದ."

"ಎರಡೂ ಒಂದೇ. ನಿಮ್ಮ ಮುಂದೆ ಇಲ್ಲ ಅನ್ನೋಕೆ ಸಂಕೋಚ, ಅಷ್ಟೇ."

ಒಂದೇ ಅಲ್ಲ. ನಾವು ಮೂವರೂ ಒಂದೇ ಅಂಗಡಿಯಲ್ಲಿ ತಕ್ಕಡಿ ರಿಪೇರಿ ಮಾಡಿಕೊಂಡು ಬದುಕಿದವರು. ನಾನೂ ಅವಳೂ ದೇವರ ವಿಷಯಕ್ಕೆ ಜಗಳಕ್ಕೆ ನಿಂತರೆ ಅವನು ಗಿರಾಕಿಗಳ ಎದುರೇ ಇಬ್ಬರ ಕಾಲನ್ನೂ ಎಳೆಯುತ್ತಿದ್ದ: "ಅಣ್ಣ ಅಲ್ಲಿ ದೇವರ ಜೊತೆ ಊಟ ಮಾಡಿ ಬಂದ ಹಾಗೆ ಮಾತಾಡ್ತಾನೆ. ಇವಳು ಬಾಗಿಲಿಗೆ ಬೀಗ ನೋಡಿ ಬಂದ ಹಾಗೆ. ನಾನು ಈ ಬೀದಿ ಬಿಟ್ಟು ಎಲ್ಲಿಗೂ ಹೋದವನಲ್ಲಪ್ಪ."

ಅವಳ ಮೇಲೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಬೆನ್ನು ತಿರುಗಿಸಿ ಹೋದವರನ್ನು ದೇವರಿಗೆ ಒಪ್ಪಿಸಿ ಸುಮ್ಮನಿರಬಹುದು. ಹೊಸ್ತಿಲ ಮೇಲೆ ನಿಂತವನನ್ನು ಏನು ಮಾಡುವುದು?

ಅವನನ್ನೇ ಕೇಳೋಣ ಎಂದೆ. ಅವಳು ಒಪ್ಪಿದಳು. ಅವನ ಮುಖದ ಮೇಲೆ ಬಗ್ಗಿ, ಯಾವ ಕಡೆಗೂ ವಾಲದ ದನಿಯಲ್ಲಿ, ಭಾವ ಪ್ರಾರ್ಥನೆ ಹೇಳಬೇಕಂತಾರೆ, ಹೇಳಬೇಕೋ ಬೇಡವೋ ಎಂದು ಕೇಳಿದಳು. ಅವನು ಕಣ್ಣು ತೆರೆದು ಅವಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಬಲಗೈಯನ್ನು ಹೊದಿಕೆಯಿಂದ ಒಂದಿಷ್ಟು ಎತ್ತಿ, ಅಂಗೈ ಕೆಳಗೆ ಮಾಡಿ, ಹಾಗೇ ಹಿಡಿದ.

ಬೇರೆಯವರಾಗಿದ್ದರೆ ಬೇಡ ಎಂದನೆಂದೋ, ಹೇಳು ಎಂದನೆಂದೋ ತಮಗೆ ಬೇಕಾದಂತೆ ತಿಳಿಯುತ್ತಿದ್ದರು. ನಮ್ಮಿಬ್ಬರಿಗೆ ಆ ಸುಖವಿರಲಿಲ್ಲ. ಪಕ್ಕದ ಲೇತ್ ಯಂತ್ರದ ಸದ್ದಿಗೆ ಅಂಗಡಿಯಲ್ಲಿ ಮಾತು ಕೇಳಿಸದು. ತಕ್ಕಡಿಯ ತಟ್ಟೆಗಳು ತೂಗಾಡುತ್ತಿರುವಾಗ ಯಾರೂ ಮೇಜು ಮುಟ್ಟದಿರಲೆಂದು ಅವನು ಹೀಗೇ ಕೈ ಎತ್ತಿ ಹಿಡಿಯುತ್ತಿದ್ದ. ಮುಳ್ಳು ಇನ್ನೂ ನಿಂತಿಲ್ಲ, ತಾಳಿ, ಎಂದು.

ಅಭ್ಯಾಸಬಲ ನೋಡಿ, ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಕೈ ಸೋತು ಇಳಿಯತೊಡಗಿದಾಗ ಅವಳು ತನ್ನ ಅಂಗೈಯನ್ನು ಅದರ ಕೆಳಗೆ ಕೊಟ್ಟಳು. ಹಾಗೇ ಇದ್ದ. ಹಾಗೇ ಹೋದ. ನರ್ಸು ಬಂದು ಆ ಕೈಯನ್ನು ಬಿಡಿಸಿ ಪಕ್ಕಕ್ಕೆ ನೇರ ಮಾಡಿದಳು.

ಅತ್ತು ಮುಗಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಈಗ ಹೇಳಿ ಭಾವ, ನಿಮ್ಮ ಸಮಾಧಾನಕ್ಕೆ. ಇನ್ನು ಅವರಿಗೆ ಕೇಳಿಸೋದಿಲ್ಲ, ಬೇಜಾರೂ ಆಗೋದಿಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಪಾಪ. ಅವಳ ಪಾಲಿಗೆ ಅವನು ಮುಗಿದಿದ್ದ. ಮುಗಿದವನ ಕಿವಿಯಲ್ಲಿ ಯಾರು ಏನು ಹೇಳಿದರೇನು? ನನ್ನ ಪಾಲಿಗೆ ಅವನು ಇದ್ದಾನೆ. ಎಲ್ಲಿಯೋ ಇದ್ದಾನೆ, ಕೇಳಿಸಿಕೊಳ್ಳುತ್ತಿದ್ದಾನೆ. ತಾಳು ಎಂದವನು ತಾಳಿದ್ದು ಸಾಕು ಎಂದಿಲ್ಲ. ಇನ್ನು ನನಗೆ ತಿಳಿಯುವ ಹಾಗೆ ಹೇಳಲಾರ. ನಾಸ್ತಿಕಳು ಕೊಟ್ಟ ಅಪ್ಪಣೆಯನ್ನು ನನ್ನ ನಂಬಿಕೆಯೇ ಕಿತ್ತುಕೊಂಡಿತು.

ಆದರೂ ಬಗ್ಗಿದೆ. ಕಿವಿ ಇನ್ನೂ ಬೆಚ್ಚಗಿತ್ತು. ಮೊದಲ ಪದ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು.

ಶವದ ಗಾಡಿ ತಳ್ಳುವವರು ಬಂದು ಬಾಗಿಲಲ್ಲಿ ನಿಂತಿದ್ದರು. "ಮುಗೀತಾ ಯಜಮಾನ್ರೇ?" ಎಂದು ಒಬ್ಬ ಮೆಲ್ಲಗೆ ಕೇಳಿದ.

ಕುರ್ಚಿ ಹಿಂದಕ್ಕೆ ಎಳೆದು ಅವರಿಗೆ ದಾರಿ ಬಿಟ್ಟೆ.